ತೋಳಿನ ವೇಗ ಇಳಿಸಬೇಡ

ಚಿ. ಅನಘಾಳಿಗೆ ಸೋದರಮಾವನ ಆಶೀರ್ವಾದಗಳು.

14ರೊಳಗಿನವರ ಸಾಫ್ಟ್‌ಬಾಲ್ ತಂಡಕ್ಕೆ ಬಂದಮೇಲೆ ನಿನ್ನ ಪಿಚಿಂಗ್ ರಬ್ಬರ್, ಅಂದರೆ ನೀನು ನಿಂತು ಚೆಂಡೆಸೆಯುವ ಪಟ್ಟಿ, 40 ಅಡಿಯಿಂದ 43 ಅಡಿಗೆ ಹಿಂದೆ ಸರಿದಿದೆ. ಬರೀ ವೇಗವನ್ನೇ ನೆಚ್ಚಿಕೊಂಡರೆ ಎರಡನೇ ಸಲ ಬ್ಯಾಟಿಗೆ ಬರುವ ಹುಡುಗಿಯರು ನಿನ್ನ ಲೆಕ್ಕ ಹಿಡಿದಿರುತ್ತಾರೆ. ಈಗ ಚೇಂಜಪ್ ಬೇಕು, ಅಂದರೆ ವೇಗದ ಎಸೆತದಂತೆಯೇ ಕಂಡು ನಿಧಾನವಾಗಿ ಬರುವ ಚೆಂಡು.

ನಿನ್ನ ಫಾಸ್ಟ್‌ಬಾಲ್, ಅಂದರೆ ಪೂರ್ತಿ ವೇಗದ ಎಸೆತ, ಗಂಟೆಗೆ 50 ಮೈಲಿ ಎಂದಿಟ್ಟುಕೋ. ಕೈಬಿಟ್ಟ ಚೆಂಡು ಬ್ಯಾಟರ್ ಪಕ್ಕದ ಪ್ಲೇಟ್ ತಲುಪಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಸಾಕು. 38 ಮೈಲಿಗೆ ಇಳಿಸಿದರೆ ಸೆಕೆಂಡಿನ ಆರನೇ ಒಂದು ಭಾಗ ತಡವಾಗುತ್ತದೆ, ಅಷ್ಟರಲ್ಲಿ ಹೊಡೆಯುವವಳು ಬ್ಯಾಟ್ ಬೀಸಿ ಮುಗಿಸಿರುತ್ತಾಳೆ. ಅಂತರ 10ರಿಂದ 15 ಮೈಲಿ ಇರಲಿ. ಐದಾರು ಮೈಲಿ ಮಾತ್ರ ಇಳಿದರೆ ಹೊಡೆಯುವವಳಿಗೆ ನೀನೇ ಬಡಿಸಿ ಕೊಟ್ಟ ಹಾಗೆ.

ನಿಧಾನವಾಗಬೇಕಾದ್ದು ಚೆಂಡು, ತೋಳಲ್ಲ. ನಿಮ್ಮಪ್ಪನನ್ನು ಕೇಳಿ ವೆಂಕಟೇಶ ಪ್ರಸಾದ್ ಬೌಲಿಂಗಿನ ಹಳೆಯ ವಿಡಿಯೋ ನೋಡು. ನಿಧಾನದ ಲೆಗ್‌ಕಟರ್ ಹಾಕುವಾಗಲೂ ಓಟ ಅದೇ, ತೋಳು ಅದೇ; ಬೇರೆ ಕೆಲಸ ಮಾಡುವುದು ಬೆರಳು ಮಾತ್ರ.

ನಿನಗೆ ಬ್ಯಾಕ್‌ಹ್ಯಾಂಡ್ ಚೇಂಜಪ್ ಒಗ್ಗುತ್ತದೆ. ಚೆಂಡನ್ನು ಅಂಗೈಗೆ ಒತ್ತಿ ಹಿಡಿ, ಬೆರಳು ಬಿಗಿಯಬೇಡ. ತೋಳು ತಲೆಯ ಮೇಲಿಂದ ಹಿಂದಕ್ಕೆ ಇಳಿದು ಸೊಂಟದ ಮಟ್ಟಕ್ಕೆ ಬರುವವರೆಗೆ ಎಲ್ಲವೂ ಫಾಸ್ಟ್‌ಬಾಲಿನಂತೆಯೇ. ಅಲ್ಲಿಂದ ತೊಡೆಯ ಪಕ್ಕ ತಲುಪುವಷ್ಟರಲ್ಲಿ ಮಣಿಕಟ್ಟು ತಿರುಗಿ, ಗೆಣ್ಣುಗಳು ಕ್ಯಾಚರ್ ಕಡೆ, ಅಂಗೈ ಸೆಕೆಂಡ್ ಬೇಸ್ ಕಡೆ ಆಗಬೇಕು. ಬಿಟ್ಟಮೇಲೂ ಕೈ ಸೊಂಟಕ್ಕಿಂತ ಕೆಳಗೇ ಇದ್ದು ಗೆಣ್ಣು ಮುಂದಾಗಿ ಚಾಚಲಿ. ಕೈ ಮೇಲಕ್ಕೆ ಹಾರಿತೋ, ಚೆಂಡೂ ಮೇಲಕ್ಕೆ ಹಾರುತ್ತದೆ. ಎದೆಮಟ್ಟದ ಚೇಂಜಪ್ ಬೇಲಿ ದಾಟುವುದು ಖಂಡಿತ ಎಂದೇ ತಿಳಿ. ಅದು ಮಂಡಿಯ ಮಟ್ಟಕ್ಕೇ ಬರಬೇಕು, ನೆಲಕ್ಕೆ ಬಿದ್ದರೂ ಚಿಂತೆಯಿಲ್ಲ.

ಎತ್ತರಕ್ಕೆ ಹೋಗುತ್ತಿದ್ದರೆ ಬಿಡುವುದು ತಡವಾಗಿದೆ, ಇಲ್ಲವೇ ಮೊಣಕೈ ಮಡಚಿ ಚೆಂಡು ಎತ್ತುತ್ತಿದ್ದೀಯ. ಮಣಿಕಟ್ಟು ಬೇಗ ತಿರುಗಿದರೆ ಮೂರನೇ ಬೇಸಿನ ಬಳಿ ನಿಂತ ಎದುರಾಳಿ ಕೋಚ್‌ಗೆ ಕಂಡುಬಿಡುತ್ತದೆ, ಅವರು ಬ್ಯಾಟರ್‌ಗೆ ಕೂಗಿ ಹೇಳುತ್ತಾರೆ. ಹೆಜ್ಜೆ ಗಿಡ್ಡವಾದರೂ ಅಷ್ಟೇ: ಫಾಸ್ಟ್‌ಬಾಲಿನಲ್ಲಿ ಕಾಲು ಊರುವ ಜಾಗಕ್ಕೆ ಸುಣ್ಣದ ಗೆರೆ ಹಾಕಿ, ಚೇಂಜಪ್‌ನಲ್ಲೂ ಅಲ್ಲೇ ಊರುತ್ತಿದೆಯೇ ನೋಡು. ಹಿಡಿತ ಬದಲಿಸುವುದು ಗ್ಲವ್ ಒಳಗೇ ಆಗಲಿ. ಪ್ರತಿ ಎಸೆತಕ್ಕೂ ಮೊದಲು ಚೇಂಜಪ್ ಹಿಡಿತ ಹಿಡಿದು, ಆಮೇಲೆ ಬೇಕಾದ್ದಕ್ಕೆ ಬದಲಿಸಿಕೊಳ್ಳುವುದು ರೂಢಿಯಾದರೆ ಯಾರಿಗೂ ಸುಳಿವು ಸಿಗುವುದಿಲ್ಲ.

ಮೊದಲು ನೆಟ್‌ನಿಂದ 15 ಅಡಿ ದೂರ ನಿಂತು ಬರೀ ಮಣಿಕಟ್ಟಿನ ತಿರುವು ಅಭ್ಯಾಸ ಮಾಡು. ಅದು ಕುದುರಿದ ಮೇಲೆ ಪೂರ್ತಿ ಸುತ್ತು, ಒಂದು ಫಾಸ್ಟ್‌ಬಾಲ್, ಒಂದು ಚೇಂಜಪ್.

ಪಂದ್ಯದಲ್ಲಿ ನಿನ್ನ ಫಾಸ್ಟ್‌ಬಾಲಿಗೇ ತಡವಾಗಿ ಬೀಸುತ್ತಿರುವವಳಿಗೆ ಇದನ್ನು ಹಾಕಬೇಡ, ಅವಳ ಕಷ್ಟ ನೀನೇ ಪರಿಹರಿಸಿದಂತಾಗುತ್ತದೆ. ಮುಂಚೆಯೇ ಬೀಸಿ, ಗೆರೆಯಾಚೆ ಹೊಡೆದು ಫೌಲ್ ಮಾಡುವವಳೇ ಸರಿಯಾದ ಗಿರಾಕಿ. ಮೊದಲ ಬೇಸಿನಲ್ಲಿ ಚುರುಕಾದ ಓಟಗಾರ್ತಿ ಇದ್ದರೂ ಯೋಚಿಸು. ಚೆಂಡು ಕೈಬಿಟ್ಟ ಕೂಡಲೇ ಅವಳು ಎರಡನೇ ಬೇಸಿಗೆ ಓಡಬಹುದು, ನಿಧಾನದ ಚೆಂಡು ಅವಳಿಗೆ ಎರಡು ಹೆಜ್ಜೆ ಲಾಭ.

ಬ್ಯಾಟರ್ ನಿಲ್ಲುವ ಜಾಗದಿಂದ, ನೆಟ್ ಹಿಂದೆ ಫೋನ್ ಇಟ್ಟು ಎರಡೂ ಎಸೆತದ ವಿಡಿಯೋ ತೆಗೆದು ಕಳಿಸು. ಯಾವುದು ಯಾವುದೆಂದು ಬರೆಯಬೇಡ.

ಇಂತಿ,
ನಿನ್ನ ಸೋದರಮಾವ