ವಿಜ್ಞಾನದ ಅವಧಿಯಲ್ಲಿ ಸೃಷ್ಟಿವಾದ ಬೇಡ

ಮಾನ್ಯ ಸಂಪಾದಕರೇ,

ಜೀವಿಗಳ ಉಗಮದ ಬಗ್ಗೆ, ಅವು ತಲೆಮಾರುಗಟ್ಟಲೆ ಬದಲಾಗುತ್ತ ಬಂದವು ಎನ್ನುವ ವಿಕಾಸವಾದವನ್ನೂ ದೇವರೇ ಅವನ್ನು ಸೃಷ್ಟಿಸಿದ ಎನ್ನುವ ಸೃಷ್ಟಿವಾದವನ್ನೂ ಶಾಲೆಯಲ್ಲಿ ಜೊತೆಜೊತೆಗೇ ಕಲಿಸಲಿ, ಯಾವುದು ಸರಿ ಎಂಬುದನ್ನು ಮಕ್ಕಳೇ ತೀರ್ಮಾನಿಸಿಕೊಳ್ಳಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮೇಲ್ನೋಟಕ್ಕೆ ನ್ಯಾಯವಾಗಿ ತೋರುವ ಈ ಮಾತನ್ನು, ಮೂವತ್ತು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಒಪ್ಪಲಾರೆ.

ಅಮೆರಿಕದ ನ್ಯಾಯಾಲಯಗಳು ಈ ವಾದವನ್ನು ಹಲವು ಸಲ ಪರಿಶೀಲಿಸಿವೆ. ವಿಕಾಸವಾದವನ್ನು ಕಲಿಸುವುದಾದರೆ ‘ಸೃಷ್ಟಿ ವಿಜ್ಞಾನ’ವನ್ನೂ ಕಲಿಸಲೇಬೇಕೆಂದು ಲೂಸಿಯಾನ ರಾಜ್ಯ ಮಾಡಿದ್ದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲಿ ರದ್ದುಪಡಿಸಿತು. ಆ ಬಳಿಕ ಅದೇ ವಾದ, ಬುದ್ಧಿಯುಳ್ಳ ಯಾವುದೋ ಶಕ್ತಿ ಜೀವಿಗಳನ್ನು ರೂಪಿಸಿದೆ ಎಂಬ ‘ಇಂಟೆಲಿಜೆಂಟ್ ಡಿಸೈನ್’ ಹೆಸರಿನಲ್ಲಿ ಮರಳಿ ಬಂತು. ಪೆನ್ಸಿಲ್ವೇನಿಯಾದ ಡೋವರ್ ಎಂಬ ಸಣ್ಣ ಊರಿನ ಶಾಲಾ ಮಂಡಳಿಯು, ಡಾರ್ವಿನ್ನನ ಸಿದ್ಧಾಂತದಲ್ಲಿ ಕೊರತೆಗಳಿವೆ, ಬೇರೆ ವಿವರಣೆ ಬೇಕಾದವರು ಇಂಥ ಪುಸ್ತಕ ನೋಡಬಹುದು ಎಂಬ ಹೇಳಿಕೆಯನ್ನು ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಓದಬೇಕೆಂದು 2004ರ ಕೊನೆಯಲ್ಲಿ ನಿರ್ಧರಿಸಿತು. ಅಲ್ಲಿನ ವಿಜ್ಞಾನ ಶಿಕ್ಷಕರು ಅದನ್ನು ಓದಲು ಒಪ್ಪಲಿಲ್ಲ. ವಿಷಯವನ್ನು ತಿಳಿದೂ ತಿಳಿದೂ ತಪ್ಪಾಗಿ ಹೇಳುವುದು ನಮ್ಮ ವೃತ್ತಿಧರ್ಮಕ್ಕೆ ವಿರುದ್ಧ ಎಂದು ಲಿಖಿತವಾಗಿಯೇ ತಿಳಿಸಿದರು. ಕಡೆಗೆ ಆಡಳಿತದವರೇ ತರಗತಿಗೆ ಬಂದು ಓದಬೇಕಾಯಿತು. ಕೆಲಸಕ್ಕೆ ಕುತ್ತು ಬರಬಹುದೆಂದು ಗೊತ್ತಿದ್ದೂ ಪಾಠದ ಸತ್ಯಕ್ಕೆ ನಿಂತ ಆ ಶಿಕ್ಷಕರ ಬಗ್ಗೆ ನನಗೆ ಅಪಾರ ಗೌರವವಿದೆ.

ಹನ್ನೊಂದು ಮಂದಿ ಪೋಷಕರು ನ್ಯಾಯಾಲಯಕ್ಕೆ ಹೋದರು. ಆರು ವಾರ ನಡೆದ ವಿಚಾರಣೆಯಲ್ಲಿ ಎರಡು ಸಂಗತಿಗಳು ಹೊರಬಂದವು. ಶಿಫಾರಸು ಮಾಡಿದ್ದ ಪುಸ್ತಕದ ಹಳೆಯ ಕರಡುಗಳನ್ನು ತರಿಸಿ ನೋಡಿದಾಗ, 1987ರ ತೀರ್ಪಿನ ನಂತರ ಸುಮಾರು 150 ಕಡೆ ‘ಸೃಷ್ಟಿ’ ಎಂಬರ್ಥದ ಪದಗಳನ್ನು ಅಳಿಸಿ ‘ಡಿಸೈನ್’ ಎಂದು ತುಂಬಿದ್ದರೆಂದೂ, ಉಳಿದ ವಿಷಯ ಹೆಚ್ಚುಕಡಿಮೆ ಹಾಗೆಯೇ ಇದೆಯೆಂದೂ ತಿಳಿಯಿತು. ಇನ್ನೊಂದು ಸಂಗತಿ ನಮಗೆ ಬೇಗ ಅರ್ಥವಾಗುವಂಥದು. ಮಂಡಳಿಯ ಪರವಾಗಿ ಸಾಕ್ಷಿ ಹೇಳಿದ ಜೀವರಸಾಯನ ಪ್ರಾಧ್ಯಾಪಕರು, ತಮ್ಮ ವಾದಕ್ಕೆ ಜಾಗ ಸಿಗುವಂತೆ ‘ವೈಜ್ಞಾನಿಕ ಸಿದ್ಧಾಂತ’ದ ವ್ಯಾಖ್ಯೆಯನ್ನು ಹಿಗ್ಗಿಸಿದರೆ ಜ್ಯೋತಿಷವೂ ಅದರೊಳಗೆ ಸೇರುತ್ತದೆ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. ನ್ಯಾಯಾಧೀಶ ಜಾನ್ ಜೋನ್ಸ್ ಅವರು 2005ರ ಡಿಸೆಂಬರ್ 20ರಂದು ನೀಡಿದ 139 ಪುಟಗಳ ತೀರ್ಪು, ಇದು ವಿಜ್ಞಾನವಲ್ಲ, ಸರ್ಕಾರಿ ಶಾಲೆಯಲ್ಲಿ ಇದನ್ನು ಹೇಳಿಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸ್ಪಷ್ಟವಾಗಿ ಹೇಳಿತು.

ನಮ್ಮಲ್ಲಿ ಸೃಷ್ಟಿವಾದವನ್ನು ಪಠ್ಯದೊಳಗೆ ತಂದಿಲ್ಲ ಎಂಬುದು ನಿಜ. ಆದರೆ ಡಾರ್ವಿನ್ ಸಿದ್ಧಾಂತ ತಪ್ಪು, ಪಠ್ಯದಲ್ಲಿ ಅದು ಬದಲಾಗಬೇಕು ಎಂದು ಕೇಂದ್ರದ ಶಿಕ್ಷಣ ಖಾತೆಯ ರಾಜ್ಯ ಸಚಿವರೊಬ್ಬರೇ 2018ರಲ್ಲಿ ಹೇಳಿದ್ದರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ನೀಡಿ ಅದನ್ನು ನಿರಾಕರಿಸಿದವು. 2022ರಲ್ಲಿ ಕೇಂದ್ರದ ಪಠ್ಯಪುಸ್ತಕಗಳನ್ನು ರೂಪಿಸುವ ಎನ್‌ಸಿಇಆರ್‌ಟಿಯು ಕೋವಿಡ್ ಕಾಲದ ಹೊರೆ ಇಳಿಸುವ ಕಾರಣ ನೀಡಿ, ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮತ್ತಿತರರು ಮರುವರ್ಷ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಹನ್ನೆರಡನೇ ತರಗತಿಯಲ್ಲಿ ಆ ಪಾಠ ಇದೆಯಲ್ಲ ಎಂಬ ಸಮಾಧಾನ ನನಗೆ ಸಾಲದು. ಕಲೆ, ವಾಣಿಜ್ಯ, ಐಟಿಐ ಕಡೆಗೆ ಹೋಗುವ ಮಕ್ಕಳೂ, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸುವ ಮಕ್ಕಳೂ ಆ ಪಾಠವನ್ನು ಜೀವಮಾನದಲ್ಲಿ ಮತ್ತೆ ಕಾಣುವುದಿಲ್ಲ. ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಅಂಥ ಮಕ್ಕಳೇ ಹೆಚ್ಚು.

ಆ ಅಧ್ಯಾಯದಲ್ಲಿ ನನಗೆ ತುಂಬ ಇಷ್ಟವಾಗಿದ್ದ ಒಂದು ಭಾಗವಿತ್ತು. ಪಾಠದ ದಿನ ಸಂತೆಯಿಂದ ಎಲೆಕೋಸು, ಹೂಕೋಸು, ನವಿಲುಕೋಸು ತಂದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದೆ. ಒಂದೇ ಕಾಡುಗಿಡದಿಂದ, ಎಲೆ ದಟ್ಟವಾದದ್ದನ್ನು ಒಂದು ಕಡೆಯವರು, ಕಾಂಡ ಉಬ್ಬಿದ್ದನ್ನು ಇನ್ನೊಂದು ಕಡೆಯವರು ತಲೆಮಾರುಗಟ್ಟಲೆ ಬಿತ್ತನೆಗೆ ಆರಿಸುತ್ತ ಬಂದದ್ದರಿಂದ ಇವು ಇಷ್ಟು ಬೇರೆಯಾದವು ಎಂದು ವಿವರಿಸುತ್ತಿದ್ದೆ. ಬೀಜ ಆರಿಸಿಡುವುದನ್ನು ಮನೆಯಲ್ಲೇ ಕಂಡಿದ್ದ ರೈತರ ಮಕ್ಕಳಿಗೆ ಹೆಚ್ಚು ಹೇಳಬೇಕಾಗುತ್ತಿರಲಿಲ್ಲ. ಮನುಷ್ಯ ಆರಿಸುವಂತೆ ಮಳೆ, ಬರ, ರೋಗಗಳೂ ಆರಿಸುತ್ತವೆ ಎಂಬಲ್ಲಿಗೆ ಅವರೇ ಬಂದು ಮುಟ್ಟುತ್ತಿದ್ದರು. ಕಾಯಿಕೊರಕವನ್ನು ತಡೆಯಲೆಂದೇ ರೂಪಿಸಿದ ಬಿಟಿ ಹತ್ತಿಯನ್ನೂ ತಿಂದು ಬದುಕುವ ಗುಲಾಬಿ ಕಾಯಿಕೊರಕ ಹುಟ್ಟಿಕೊಂಡದ್ದು ಹೇಗೆ, ಕೊರೊನಾ ವೈರಾಣು ಡೆಲ್ಟಾ, ಓಮಿಕ್ರಾನ್ ಎಂದು ರೂಪ ಬದಲಿಸಿದ್ದು ಹೇಗೆ, ಆ್ಯಂಟಿಬಯಾಟಿಕ್ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ, ಬೇಕಾಬಿಟ್ಟಿ ನುಂಗಬೇಡಿ ಎಂದು ವೈದ್ಯರು ಹೇಳುವುದೇಕೆ ಎಂಬುದನ್ನೆಲ್ಲ ತಿಳಿಯಲು ಈ ಪಾಠವೇ ಬೇಕು.

ಒಮ್ಮೆ ಪಾಠ ಮುಗಿದ ಮೇಲೆ ಹುಡುಗಿಯೊಬ್ಬಳು ಬಂದು, “ಸಾರ್, ನಮ್ಮಜ್ಜಿ ಎಲ್ಲಾನೂ ಬ್ರಹ್ಮ ಸೃಷ್ಟಿ ಮಾಡಿದ್ದು ಅಂತಾರೆ. ನಾನು ಯಾವುದನ್ನ ನಂಬಲಿ?” ಎಂದಳು. ಅಜ್ಜಿಯ ಕಥೆಯನ್ನು ಪೂರ್ತಿ ಕೇಳಿಸಿಕೋ, ಇಲ್ಲಿ ಮಾತ್ರ ಯಾವ ಮಾತಿಗೂ ಸಾಕ್ಷಿ ಕೇಳು, ನನ್ನ ಮಾತಿಗೂ ಕೇಳು ಎಂದೆ. ನನ್ನ ನಿಲುವು ಈಗಲೂ ಅದೇ. ಪುರಾಣದ ಸೃಷ್ಟಿಕಥೆಗಳು ಕನ್ನಡದ ಪಾಠದಲ್ಲಿ, ಇತಿಹಾಸದ ಪಾಠದಲ್ಲಿ ಧಾರಾಳವಾಗಿ ಬರಲಿ. ದಶಾವತಾರದಲ್ಲೇ ವಿಕಾಸವಾದವಿದೆ ಎನ್ನುವವರ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಮತ್ಸ್ಯ, ಕೂರ್ಮ, ವರಾಹಗಳು ಭಕ್ತರ ಪಾಲಿಗೆ ಒಬ್ಬನೇ ವಿಷ್ಣು ತಾಳಿದ ರೂಪಗಳು. ಒಂದು ಪ್ರಾಣಿಯ ಸಂತತಿ ಕಾಲಾಂತರದಲ್ಲಿ ಇನ್ನೊಂದಾಯಿತು ಎಂದು ಆ ಕಥೆ ಹೇಳುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಎಲ್ಲ ಮತದ ಮಕ್ಕಳೂ ಕೂತಿರುತ್ತಾರೆ. ಸರ್ಕಾರದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳಿರುವಾಗ, ಯಾರ ಸೃಷ್ಟಿಕಥೆಯನ್ನು ವಿಜ್ಞಾನವೆಂದು ಅವರಿಗೆ ಹೇಳಿಕೊಡುವುದು?

ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಜೀವವಿಕಾಸದ ಪಾಠವು ಹತ್ತನೇ ತರಗತಿಯ ಪುಸ್ತಕದಲ್ಲಿ ಪೂರ್ಣವಾಗಿ ಇರುವಂತೆ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ನೋಡಿಕೊಳ್ಳಬೇಕು. ಅದನ್ನು ಬೋಧಿಸುವ ಶಿಕ್ಷಕರಿಗೆ ಊರಿನಲ್ಲಿ ಆಕ್ಷೇಪ ಎದುರಾದರೆ ಇಲಾಖೆ ಅವರ ಬೆನ್ನಿಗೆ ನಿಲ್ಲುವುದೆಂದು ಸುತ್ತೋಲೆಯಲ್ಲೇ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ, ಹಾಸನ ಜಿಲ್ಲೆ