ವಿಶ್ವಕಪ್ ಹಾಕಿ ನಮ್ಮ ಯಾದಗಿರಿಗೂ ಬರಲಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರೇ,

ಶರಣು ಶರಣಾರ್ಥಿ.

2026ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಹಾಕಿ ವಿಶ್ವಕಪ್ ನಡೆಯುತ್ತದೆ. ನಮ್ಮ ಪುರುಷರ ತಂಡ 2025ರ ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಕೊರಿಯಾವನ್ನು 4–1ರಿಂದ ಸೋಲಿಸಿ, ಏಷ್ಯಾ ಕಪ್ ಗೆದ್ದು ಅಲ್ಲಿಗೆ ಟಿಕೆಟ್ ಪಡೆದಿದೆ. ಈ ಸಲ ಕಪ್ ಗೆಲ್ಲಲೇಬೇಕು ಎಂಬ ಆಸೆ ಹೊತ್ತ ಅಭಿಮಾನಿ ನಾನು. ಶಹಾಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಸಂಜೆ ಓಣಿಯ ಹುಡುಗರಿಗೆ ಹಾಕಿ ಕಲಿಸುತ್ತೇನೆ.

ಭಾರತ ವಿಶ್ವಕಪ್ ಗೆದ್ದಿದ್ದು ಒಂದೇ ಸಲ, 1975ರಲ್ಲಿ, ಕ್ವಾಲಾಲಂಪುರದಲ್ಲಿ, ಪಾಕಿಸ್ತಾನದ ಎದುರು 2–1ರಿಂದ. ಆಮೇಲಿನ ಯಾವ ವಿಶ್ವಕಪ್‌ನಲ್ಲೂ ನಮ್ಮ ಪುರುಷರ ತಂಡ ಸೆಮಿಫೈನಲ್‌ವರೆಗೂ ಹೋಗಿಲ್ಲ. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆನ್ನುಬೆನ್ನಿಗೆ ಕಂಚು ಗೆದ್ದವರಿಗೆ ವಿಶ್ವಕಪ್ ಮಾತ್ರ ಯಾಕೆ ದಕ್ಕುತ್ತಿಲ್ಲ ಎಂಬ ಸಂಕಟ ನನ್ನಂಥವರದು.

ಈ ಸಲ ಪಂದ್ಯ ನಡೆಯುವ ಊರುಗಳಲ್ಲಿ ಒಂದು ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್ವೀನ್. 1973ರ ವಿಶ್ವಕಪ್ ಫೈನಲ್ ಅಲ್ಲೇ ನಡೆದಿತ್ತು. ಸುರ್ಜಿತ್ ಸಿಂಗ್ ಹೊಡೆದ ಗೋಲುಗಳಿಂದ ಭಾರತ 2–0 ಮುಂದಿತ್ತು, ಆತಿಥೇಯರು ಸಮ ಮಾಡಿಕೊಂಡರು. ಹೆಚ್ಚುವರಿ ಅವಧಿಯಲ್ಲಿ ನಮಗೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿಗಿರುವ ಹೊಡೆತ, ಸಿಕ್ಕಿತು. ಗೋಲಾಗಿದ್ದರೆ ಕಪ್ ನಮ್ಮದು. ಹೊಡೆಯಲು ಬಂದವರು ಕರ್ನಾಟಕದವರೇ, ಕೊಡಗಿನ ಬಿ.ಪಿ. ಗೋವಿಂದ. ಗೋಲಾಗಲಿಲ್ಲ, ಕೊನೆಗೆ ಸ್ಟ್ರೋಕ್‌ಗಳಲ್ಲಿ ಸೋತೆವು. ಎರಡೇ ವರ್ಷದಲ್ಲಿ ಅದೇ ಗೋವಿಂದ ಕ್ವಾಲಾಲಂಪುರದಲ್ಲಿ ಗೆದ್ದ ತಂಡದಲ್ಲಿದ್ದರು. ನಮ್ಮ ಹುಡುಗರಿಗೆ ಈ ಕಥೆ ಹೇಳದೆ ನಾನು ಸ್ಟಿಕ್ ಹಿಡಿಸುವುದೇ ಇಲ್ಲ.

ಆಮ್‌ಸ್ಟೆಲ್ವೀನ್ ನಮ್ಮವರಿಗೆ ಈಗಲೂ ಸುಲಭದ ಜಾಗವಲ್ಲ. 2025ರ ಜೂನ್‌ನಲ್ಲಿ ಪ್ರಮುಖ ದೇಶಗಳ ನಡುವಿನ ಪ್ರೊ ಲೀಗ್ ಟೂರ್ನಿಗೆಂದು ಅಲ್ಲಿ ನೆದರ್ಲೆಂಡ್ಸ್ ಮತ್ತು ಅರ್ಜೆಂಟೀನಾ ವಿರುದ್ಧ ಆಡಿದ ನಾಲ್ಕೂ ಪಂದ್ಯ ಸೋತೆವು, ನಾಲ್ಕೂ ಒಂದೊಂದೇ ಗೋಲಿನಿಂದ. ಆ ಪ್ರವಾಸದಲ್ಲಿ ಸತತ ಏಳು ಸೋಲಾದ ಮೇಲೆ ಬೆಲ್ಜಿಯಂ ವಿರುದ್ಧ 4–3ರ ಗೆಲುವು ಸಿಕ್ಕಿತು. ಇದನ್ನು ನೋಡಿ ಎದೆಗುಂದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಗೋಲಿನ ಅಂತರ ಎಂದರೆ ಕೊನೆಯ ಐದು ನಿಮಿಷದಲ್ಲಿ ಚೆಂಡನ್ನು ಕೈಬಿಡದೆ ಹಿಡಿದಿಟ್ಟುಕೊಳ್ಳುವ ಪ್ರಶ್ನೆ, ಎದುರಾಳಿಯ ತಪ್ಪಿಗೆ ಸಿಕ್ಕ ಪೆನಾಲ್ಟಿ ಕಾರ್ನರ್‌ಗಳಲ್ಲಿ ಇನ್ನೊಂದನ್ನು ಗೋಲು ಮಾಡುವ ಪ್ರಶ್ನೆ. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿದ್ದು, ಪಂದ್ಯದ ಬಹುಪಾಲು ಹತ್ತೇ ಜನ ಆಡಿ ಬ್ರಿಟನ್ನನ್ನು ಶೂಟೌಟ್‌ನಲ್ಲಿ ಮಣಿಸಿದ ತಂಡ ಇದು. ಇವರಿಂದ ಆಗುತ್ತದೆ.

ಆದರೆ ಒಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ಕರ್ನಾಟಕದ ನಾಲ್ವರಿದ್ದರು: ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಟೋಕಿಯೊದಲ್ಲಿ ಪದಕ ಗೆದ್ದ ತಂಡದಲ್ಲಿ ಒಬ್ಬರೂ ಇಲ್ಲ. ಪ್ಯಾರಿಸ್‌ನಲ್ಲೂ ಇಲ್ಲ. ರಾಜ್ಯದ ಹಾಕಿಯನ್ನು ಕೊಡಗು ಒಂದೇ ಎಷ್ಟು ದಿನ ಹೊರಬೇಕು? ನಮ್ಮಲ್ಲಿ ಒಬ್ಬ ಹುಡುಗ ಸ್ಟಿಕ್ ಕೈಗೆ ತಗೊಂಡು ಕೇಳಿದ: "ಕಾಕಾ, ಇದು ಕೊಡಗಿನವ್ರ ಆಟ ಅಲ್ಲೇನ್ರಿ? ನಮ್ ಕಡಿ ಯಾರ್ ಆಡ್ತಾರ?" ಅವನು ಎಡಚ. ಹಾಕಿ ಸ್ಟಿಕ್‌ನ ಎಡಬದಿ ಮಾತ್ರ ಚಪ್ಪಟೆ, ಅದರಲ್ಲೇ ಹೊಡೆಯಬೇಕು. ಎಡಚರಿಗೆಂದು ಬೇರೆ ಸ್ಟಿಕ್ ಇಲ್ಲ. ಅವನು ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದು ರೂಢಿ ಮಾಡಿಕೊಂಡ. ಈಗ ಚೆಂಡನ್ನು ಎಡಕ್ಕೆ ಬಲಕ್ಕೆ ಎಳೆದಾಡಿಸಿ ನನ್ನನ್ನೇ ದಾಟಿ ಹೋಗುತ್ತಾನೆ. ಅವನ ಸ್ಟಿಕ್ಕಿನ ಡೊಂಕು ತುದಿ ಸವೆದು ಎಳೆ ಎದ್ದಿದೆ, ಕರೆಂಟಿನ ಕರಿ ಟೇಪು ಸುತ್ತಿದ್ದೇವೆ. ಆಡುವ ಜಾಗ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಚೆಂಡು ಸಿಕ್ಕಿಬೀಳುತ್ತದೆ, ಮಳೆಗಾಲದಲ್ಲಿ ಕಾಲು ಕಿತ್ತಿಡಲು ಆಗದಷ್ಟು ಅಂಟು.

ಒಡಿಶಾದ ಸುಂದರಗಢ ಆದಿವಾಸಿಗಳೇ ಹೆಚ್ಚಿರುವ ಗಣಿ ಜಿಲ್ಲೆ. ರೋಹಿದಾಸ್, ಭಾರತ ತಂಡದ ಮಾಜಿ ನಾಯಕ ದಿಲೀಪ್ ಟಿರ್ಕಿ ಇಬ್ಬರೂ ಅಲ್ಲಿಯ ಸೌನಾಮಾರಾ ಎಂಬ ಒಂದೇ ಹಳ್ಳಿಯವರು. ಆ ರಾಜ್ಯ 2018ರಿಂದ ರಾಷ್ಟ್ರೀಯ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟಿತು, ರೂರ್ಕೆಲಾದಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿತು. ಆದರೆ ಅದಕ್ಕೂ ಮೊದಲೇ ಹಳ್ಳಿಯ ಮಣ್ಣಿನಲ್ಲಿ ಆಟ ಬೇರೂರಿತ್ತು. ನಮ್ಮ ಜಿಲ್ಲೆಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಇದೆ, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಹಣವಿದೆ. ಹಾಗೆಂದು ನಾನು ಸಿಂಥೆಟಿಕ್ ಟರ್ಫ್ ಕೇಳುತ್ತಿಲ್ಲ. ದೊಡ್ಡ ಪಂದ್ಯಗಳ ಟರ್ಫ್‌ಗೆ ಆಡುವ ಮುನ್ನ ನೀರು ಹಾಯಿಸಬೇಕು. ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರುಗಳಿರುವಾಗ ಅದನ್ನು ಕೇಳಲು ನನಗೆ ಮನಸ್ಸು ಬರುವುದಿಲ್ಲ. ತಾಲ್ಲೂಕಿಗೊಂದು ಮೈದಾನ ಸಮ ಮಾಡಿಸಿ, ಗರಸು ಹಾಕಿಸಿ ರೋಲರ್ ಹೊಡೆಸಿ, ಸರ್ಕಾರಿ ಪ್ರೌಢಶಾಲೆಗಳಿಗೆ ಸ್ಟಿಕ್, ಚೆಂಡು, ಗೋಲ್‌ಕೀಪರ್ ಪ್ಯಾಡು ಕೊಡಿಸಿ. ಹುಡುಗಿಯರಿಗೂ ಕೊಡಿಸಿ, ಮಹಿಳೆಯರ ವಿಶ್ವಕಪ್ಪೂ ಅದೇ ದಿನಗಳಲ್ಲಿ, ಅವೇ ಊರುಗಳಲ್ಲಿ ನಡೆಯುತ್ತದೆ.

ಅದಕ್ಕೆಲ್ಲ ಟೆಂಡರು, ಮಂಜೂರಾತಿ ಅಂತ ಸಮಯ ಹಿಡಿಯುತ್ತದೆ, ಗೊತ್ತು. ಆಗಸ್ಟ್‌ಗೇ ಆಗಬಹುದಾದ ಕೆಲಸ ಒಂದಿದೆ: ಭಾರತದ ಪಂದ್ಯಗಳಿದ್ದಾಗ ಯಾದಗಿರಿಯ ಜಿಲ್ಲಾ ಕ್ರೀಡಾಂಗಣದಲ್ಲಿ, ಶಹಾಪುರ, ಸುರಪುರ, ಗುರುಮಠಕಲ್‌ನಲ್ಲಿ ದೊಡ್ಡ ಪರದೆ ಹಾಕಿಸಿ. ಟೋಕಿಯೊದ ಕಂಚಿನ ಪಂದ್ಯವನ್ನು ನಾವು ಚಹಾದಂಗಡಿಯಲ್ಲಿ ಒಂದು ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿ ನೋಡಿದವರು. ಜರ್ಮನಿಗೆ ಕೊನೆಯ ಸೆಕೆಂಡುಗಳಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿದಾಗ ಚಿತ್ರ ನಿಂತುಹೋಯಿತು. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು ಎಂದು ತಿಳಿದದ್ದು ಪಕ್ಕದ ಅಂಗಡಿಯ ಕೂಗಿನಿಂದ.

ಅಲ್ಲಿಗಿಂತ ನಮ್ಮ ಗಡಿಯಾರ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಮಧ್ಯಾಹ್ನದ ಪಂದ್ಯ ನಮಗೆ ಸಂಜೆ, ಮಕ್ಕಳು ನೋಡಲು ಅನುಕೂಲ. ಆಗಸ್ಟ್ 15ರಂದು ಧ್ವಜ ಹಾರಿಸಲು ನೀವು ಜಿಲ್ಲಾ ಕೇಂದ್ರಕ್ಕೆ ಬಂದರೆ, ನಿಮ್ಮ ಭಾಷಣದಲ್ಲೇ ಈ ವ್ಯವಸ್ಥೆಯನ್ನು ಘೋಷಿಸಿ. ಕುರ್ಚಿ ಹಾಕುವ, ವೈರ್ ಎಳೆಯುವ ಕೆಲಸಕ್ಕೆ ನಮ್ಮ ಹುಡುಗರು ಬರುತ್ತಾರೆ, ನಾನೂ ಬರುತ್ತೇನೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,
ಶಹಾಪುರದ ಒಬ್ಬ ಹಾಕಿ ಅಭಿಮಾನಿ