ಉದುರಿದ ಹಣ್ಣು ತೋಟದಲ್ಲೇ ಬಿಡ್ಬೇಡಿ, ಊಜಿ ನೊಣ ಶುರುವಾಗಿದೆ

ಎಲ್ರಿಗೂ ನಮಸ್ಕಾರ. ನಮ್ಮ ಶ್ರೀನಿವಾಸಪುರ ಕಡೆ ಬಾದಾಮಿ ಮಾವು ಬಲಿಯೋ ಟೈಮು, ಹಣ್ಣೊಳಗೆ ಮೊಟ್ಟೆ ಇಡೋ ಊಜಿ ನೊಣ ಬಂದೇಬಿಟ್ಟಿದೆ. ನಿನ್ನೆ ತೋಟದಲ್ಲಿ ಒಂದು ಹಣ್ಣು ಎತ್ಕೊಂಡು ನೋಡಿದ್ರೆ ಸೂಜಿ ಚುಚ್ಚಿದಷ್ಟು ತೂತು, ಸುತ್ತ ಮೆತ್ತಗೆ, ಒತ್ತಿದ್ರೆ ರಸ ಬಂತು, ಕೊಯ್ದ್ರೆ ಬಿಳಿ ಹುಳ ಚಂಗನೆ ನೆಗೀತು, ಹೊಟ್ಟೆ ಉರಿದೋಯ್ತು.

ಇದ್ರಲ್ಲಿ ಬ್ಯಾಕ್ಟೀರಿಯಾ ಕೈವಾಡ ಬಹಳ ಇದೆ. ಹೆಣ್ಣು ನೊಣ ಮೊಟ್ಟೆ ಜೊತೆ ಬ್ಯಾಕ್ಟೀರಿಯಾನೂ ಹಣ್ಣೊಳಗೆ ಬಿಡುತ್ತೆ, ಅದು ತಿರುಳು ಕೊಳೆಸುತ್ತೆ, ಹುಳಕ್ಕೆ ಊಟ ಸಲೀಸು. ಇನ್ನೂ ಆಶ್ಚರ್ಯ ಅಂದ್ರೆ ಮೊಟ್ಟೆ ಮೇಲಿರೋ ಬ್ಯಾಕ್ಟೀರಿಯಾದಿಂದ ಹಣ್ಣಿನ ವಾಸನೇನೇ ಬದಲಾಗಿ, ಆಮೇಲೆ ಬರೋ ಹೆಣ್ಣು ನೊಣ ಅದನ್ನ ಬಿಟ್ಟು ಬೇರೆ ಹಣ್ಣು ಹುಡುಕ್ಕೊಂಡು ಹೋಗುತ್ತೆ, ಹೌಸ್‌ಫುಲ್ ಬೋರ್ಡ್ ಹಾಕ್ದಂಗೆ. ಮನೇಲಿ ಬಾಳೆಹಣ್ಣಿಗೆ ಮುತ್ತೋ ಸಣ್ಣ ನೊಣ ಬೇರೆ, ಅದಕ್ಕೆ ಹುಳಿ ವಾಸನೆ ಬಂದ್ರೇನೇ ಇಷ್ಟ, ಆ ವಿನೆಗರ್ ಹುಳಿ ಮಾಡೋದೂ ಬ್ಯಾಕ್ಟೀರಿಯಾನೇ.

ದಯವಿಟ್ಟು ಉದುರಿದ್ದನ್ನ ದಿನಾ ಆರಿಸಿ ಆಳವಾಗಿ ಗುಂಡಿ ತೋಡಿ ಮುಚ್ಚಿ, ಹಂಗೇ ಬಿಟ್ರೆ ಹುಳ ಮಣ್ಣಿಗಿಳಿದು ನೊಣ ಆಗಿ ಎದ್ದು ಬರುತ್ತೆ. ಮಿಥೈಲ್ ಯೂಜಿನಾಲ್ ಅನ್ನೋ ವಾಸನೆ ಮದ್ದಿಟ್ಟ ಬಲೆಗೆ ಬೀಳೋದು ಗಂಡು ನೊಣ, ಮೊಟ್ಟೆ ಇಡೋ ಹೆಣ್ಣಲ್ಲ, ಬಲೆ ಕಟ್ಟಿದೀವಲ್ಲ ಅಂತ ಸುಮ್ನೆ ಕೂರ್ಬೇಡಿ. ಭಾನುವಾರ ಬೆಳಗ್ಗೆ ಸೇರಿ ಆರಿಸೋಣ, ಬರೋರು ಇಲ್ಲೇ ಮೆಸೇಜ್ ಹಾಕಿ.